ಪದಚರ್ಚೆ: ಪ್ರೊಕ್ಯೂರ್‌ಮೆಂಟ್‌ಗೆ ‘ಸಂಗ್ರಹಣೆ’ ಸರಿಯೇ? ಜೊತೆಗೆ ಸಂಚಕಾರ, ಚೌಕಾಸಿ, ಬೀಳುವ ಬೆಲೆ

ಬಳಗದ ಎಲ್ಲರಿಗೂ ನಮಸ್ಕಾರ.

ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕಿತ್ತು. ನಾನು ಇರುವುದು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆ. ಒಂದು ಸಹಕಾರಿ ಸಂಘದ ಪರ್ಚೇಸ್ ಸೆಕ್ಷನ್‌ನಲ್ಲಿ ಕೆಲಸ. ಹೊಸದಾಗಿ ಸೇರುವವರಿಗೆ ಖರೀದಿಯ ಕೆಲಸ ಕಲಿಸಲು ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಇಲ್ಲಿಯ ಹುಡುಗ ಹುಡುಗಿಯರ ಮನೆಮಾತು ತುಳುವೋ ಹವ್ಯಕವೋ ಕರಾಡ ಮರಾಠಿಯೋ ಇರುತ್ತದೆ, ಓದಿದ್ದು ಕನ್ನಡ ಮಾಧ್ಯಮದಲ್ಲಿ, ಕಚೇರಿಗೆ ಬರುವ ಕಾಗದ ಮಲಯಾಳದಲ್ಲಿ, ನಿಯಮದ ಪುಸ್ತಕ ಇಂಗ್ಲಿಷಿನಲ್ಲಿ. ಇಷ್ಟರ ನಡುವೆ ಕೆಲಸದ ಪ್ರತಿ ಹೆಜ್ಜೆಗೂ ಒಂದು ಗಟ್ಟಿ ಕನ್ನಡ ಹೆಸರು ಸಿಕ್ಕಿದರೆ ಕಲಿಯುವುದು ಎಷ್ಟೋ ಸಲೀಸು. ಹೆಸರು ತಪ್ಪಾದರೆ ಕೆಲಸವನ್ನೇ ತಪ್ಪಾಗಿ ತಿಳಿದುಕೊಳ್ಳುತ್ತಾರೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿರುವುದು.

ಮೊದಲು ಆ ದೊಡ್ಡ ಪದವೇ, ಏನು ಬೇಕು ಎಂದು ಲೆಕ್ಕ ಹಾಕುವಲ್ಲಿಂದ ಮಾಲು ತರಿಸಿ ಬಿಲ್ಲು ಮುಗಿಸುವವರೆಗಿನ ಇಡೀ ಕೆಲಸಕ್ಕೆ ಇಂಗ್ಲಿಷಿನವರು ಹೇಳುವ ಪ್ರೊಕ್ಯೂರ್‌ಮೆಂಟ್. ಕರ್ನಾಟಕದ 1999ರ ಟೆಂಡರ್ ಪಾರದರ್ಶಕತೆ ಕಾಯ್ದೆಯ ಕನ್ನಡ ಹೆಸರಿನಲ್ಲಿ ಇದಕ್ಕೆ ‘ಸಂಗ್ರಹಣೆ’ ಅಂತ ಹಾಕಿದ್ದಾರೆ. ಸರ್ಕಾರಿ ಕನ್ನಡದಲ್ಲಿ ಅದೇ ನಿಂತುಬಿಟ್ಟಿದೆ. ಆದರೆ ಸಂಗ್ರಹ ಅಂದ ಕೂಡಲೇ ಮನಸ್ಸಿಗೆ ಬರುವುದು ಕೂಡಿಡುವುದು, ಗೋಡೌನು, ದಾಸ್ತಾನು. ಒಳ್ಳೆಯ ಖರೀದಿಯವರು ಮಾಡಬಾರದ ಕೆಲಸವೇ ಅದು ಅಲ್ವಾ, ಬೇಕಾದದ್ದಕ್ಕಿಂತ ಜಾಸ್ತಿ ತಂದು ಒಟ್ಟುವುದು! ನಮ್ಮ ಕಡೆ ಇನ್ನೊಂದು ತೊಡಕೂ ಇದೆ. ಮಲಯಾಳದಲ್ಲಿ ಭತ್ತದ ಸರ್ಕಾರಿ ಖರೀದಿಗೆ ‘ಸಂಭರಣಂ’ ಅನ್ನುತ್ತಾರೆ. ಅಲ್ಲೂ ಕೂಡಿಡುವ ಅರ್ಥವೇ ಮುಂದೆ. ಎರಡೂ ಭಾಷೆ ಒಂದೇ ಕಡೆ ಎಳೆಯುವುದರಿಂದ ಹೊಸಬರಿಗೆ ಇದು ಸ್ಟೋರ್ ಕೀಪರ್ ಕೆಲಸ ಅನಿಸಿಬಿಡುತ್ತದೆ.

ಹಾಗಾದರೆ ‘ಕ್ರಯ’ ಅನ್ನೋಣವೇ? ಸಂಸ್ಕೃತದಲ್ಲಿ ಕೊಳ್ಳುವುದು ಅಂತಲೇ ಅರ್ಥ. ಆದರೆ ನಮ್ಮಲ್ಲಿ ಕ್ರಯ ಅಂದರೆ ಬೆಲೆ. ‘ಅಡಿಕೆಗೆ ಈಗ ಕ್ರಯ ಎಷ್ಟು?’ ಅಂತ ದಿನಾ ಕೇಳುವ ಜನರಿಗೆ ‘ಕ್ರಯ ವಿಭಾಗ’ ಅಂದರೆ ರೇಟು ಹೇಳುವ ಕೌಂಟರು. ತಮಿಳಿನವರು ‘ಕೊಳ್‌ಮುದಲ್’ ಎಂದು ಚೆನ್ನಾಗಿ ಕಟ್ಟಿಕೊಂಡಿದ್ದಾರೆ, ತೆಲುಗಿನಲ್ಲಿ ‘ಕೊನುಗೋಲು’ ಇದೆ. ಕೊಳ್ ನಮ್ಮಲ್ಲೂ ಇದೆ. ಆದರೆ ‘ಕೊಳ್ಳಿಕೆ’ ಅಂತ ಮಾಡಿದರೆ ಪಕ್ಕದಲ್ಲೇ ‘ಕೊಳ್ಳೆ’ ನಿಂತಿದೆ. ಸಾರ್ವಜನಿಕರ ದುಡ್ಡಿನ ವಿಷಯದಲ್ಲಿ ಆ ಪಕ್ಕ ಬೇಡ.

ನನ್ನ ಒಲವು ‘ಖರೀದಿ’ಯ ಕಡೆ. ಅದು ಬರೀ ದುಡ್ಡು ಕೊಟ್ಟು ತರುವುದು, ಪರ್ಚೇಸ್‌ಗೆ ಮಾತ್ರ ಸರಿ ಎಂದು ಕೆಲವರು ಹೇಳುತ್ತಾರೆ. ಆದರೆ ‘ಬೆಂಬಲ ಬೆಲೆಯಲ್ಲಿ ಭತ್ತ ಖರೀದಿ’ ಎಂದು ಪೇಪರಿನಲ್ಲಿ ಬಂದಾಗ ರೈತರ ನೋಂದಣಿ, ತೇವಾಂಶ ನೋಡುವುದು, ತೂಕ, ಖಾತೆಗೆ ಹಣ ಬೀಳುವುದು, ಎಲ್ಲ ಅದರೊಳಗೇ ಸೇರಿದೆ ಅಂತ ಓದುವವರಿಗೆ ಗೊತ್ತಾಗುತ್ತದೆ. ಪದ ಆಗಲೇ ದೊಡ್ಡದಾಗಿದೆ. ಇಡೀ ಕೆಲಸಕ್ಕೆ ‘ಖರೀದಿ’, ಆರ್ಡರ್ ಹಾಕಿ ಮಾಲು ತರುವ ಆ ಒಂದು ಹಂತಕ್ಕೆ ‘ಕೊಳ್ಳುವುದು’ ಎಂದು ಕೈಪಿಡಿಯಲ್ಲಿ ಬೇರೆ ಮಾಡಿದರೆ ಹೇಗೆ? ಇದು ನನ್ನ ಮೊದಲ ಪ್ರಶ್ನೆ.

ಯಾಕೆ ಈ ಬೇರೆ ಮಾಡುವುದು ಮುಖ್ಯ ಅಂದರೆ, ಕಲಿಯುವವರು ಎಡವುವುದು ಅಲ್ಲೇ. ಮೈಲುತುತ್ತಿನ ಉದಾಹರಣೆ ತೆಗೆದುಕೊಳ್ಳಿ. ಅಡಿಕೆಗೆ ಮಹಾಳಿ (ಕೊಳೆರೋಗ) ಬಾರದ ಹಾಗೆ ಬೋರ್ಡೋ ದ್ರಾವಣ ಹೊಡೆಯುವುದು ನಿಮಗೆಲ್ಲ ಗೊತ್ತು, 100 ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತು, ಒಂದು ಕೇಜಿ ಸುಣ್ಣ. ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲೇ ಆಗಬೇಕು. ಅಂದರೆ ಮೇ ತಿಂಗಳಲ್ಲಿ ಮಾಲು ಸಂಘದಲ್ಲಿರಬೇಕು. ಅದಕ್ಕೆ ಮಾರ್ಚ್‌ನಲ್ಲೇ ಕೂತು ಕಳೆದ ವರ್ಷ ಎಷ್ಟು ಹೋಯಿತು, ಸದಸ್ಯರ ತೋಟ ಎಷ್ಟು ಜಾಸ್ತಿಯಾಗಿದೆ, ಉಳಿದ ಚೀಲ ಎಷ್ಟು ಎಂದು ಲೆಕ್ಕ ಹಾಕಬೇಕು. ಖರೀದಿ ಶುರುವಾಗುವುದು ಅಲ್ಲಿಂದ, ಕೊಟೇಶನ್ ತರಿಸುವಲ್ಲಿಂದ ಅಲ್ಲ. ಚೀಲ ಇಳಿಸಿಕೊಂಡ ದಿನಕ್ಕೆ ಮುಗಿಯುವುದೂ ಇಲ್ಲ, ತೂಕ ಗುಣ ನೋಡಿ, ಬಿಲ್ಲು ತಾಳೆ ಹಾಕಿ, ಯಾರು ಮಾತಿನಂತೆ ಕೊಟ್ಟರು ಯಾರು ತಡ ಮಾಡಿದರು ಎಂದು ಬರೆದಿಟ್ಟು, ಮುಂದಿನ ವರ್ಷ ಆ ಪುಟ ತೆರೆದು ನೋಡುವವರೆಗೂ ಅದೇ ಕೆಲಸ. ಆ ಕೊನೆಯ ಬರಹ ಇಡುವವರು ಬಹಳ ಕಡಿಮೆ. ಖರೀದಿಯವರ ಕಸುಬು ಬೆಳೆಯುವುದು ಆ ಪುಟದಿಂದಲೇ ಎಂದು ನನ್ನ ನಂಬಿಕೆ.

ಎರಡನೆಯದು ಸ್ಪೆಸಿಫಿಕೇಶನ್, ಅಂದರೆ ಮಾಲು ಹೇಗಿರಬೇಕು ಎಂದು ಬರೆದುಕೊಡುವ ವಿವರ. ‘ವಿಶೇಷಣ’ ಅಂದರೆ ಮಕ್ಕಳಿಗೆ ವ್ಯಾಕರಣದ ಪಾಠ ನೆನಪಾಗುತ್ತದೆ. ‘ನಿರ್ದಿಷ್ಟತೆ’ ನಾಲಗೆಗೆ ಕಷ್ಟ, ಅದಕ್ಕಿಂತ ಹೆಚ್ಚಾಗಿ ಏನು ಬರೆಯಬೇಕು ಅಂತ ಅದು ಹೇಳುವುದಿಲ್ಲ. ‘ಉತ್ತಮ ಗುಣಮಟ್ಟದ ಮೈಲುತುತ್ತು’ ಎಂದು ಬರೆದರೆ ಏನೂ ಬರೆದ ಹಾಗಾಗಲಿಲ್ಲ. ಶುದ್ಧ ಮೈಲುತುತ್ತಿನಲ್ಲಿ ತಾಮ್ರದ ಅಂಶ ಶೇ. 25ರ ಹತ್ತಿರ ಇರುತ್ತದೆ. ಹಾಗಾಗಿ ‘ತಾಮ್ರ ಶೇ. 24ಕ್ಕಿಂತ ಕಮ್ಮಿ ಇರಬಾರದು, ಚೀಲಕ್ಕೆ ಇಷ್ಟೇ ಕೇಜಿ, ಲ್ಯಾಬ್ ವರದಿ ಜೊತೆಗಿರಬೇಕು, ಒದ್ದೆಯಾದ ಚೀಲ ವಾಪಸ್’ ಎಂದು ಬರೆದರೆ ಅಳೆಯಬಹುದು, ಜಗಳವಾದರೆ ತೋರಿಸಬಹುದು. ಕಂಪನಿಯ ಹೆಸರು ಹಾಕಿ ‘ಅದೇ ಬೇಕು’ ಅಂದರೆ ಪೈಪೋಟಿ ಅಲ್ಲಿಗೇ ಸತ್ತಿತು. ನಾನು ಸದ್ಯಕ್ಕೆ ‘ಗುಣವಿವರ’ ಎಂದು ಬರೆದಿದ್ದೇನೆ. ‘ಲಕ್ಷಣಪಟ್ಟಿ’ ಅನ್ನುವುದೂ ಇಷ್ಟವಾಯಿತು, ಯಾಕೆಂದರೆ ಲಕ್ಷಣ ಅಂದರೆ ಕಣ್ಣಿಗೆ ಕಾಣುವಂಥದ್ದು, ಗುರುತು ಹಿಡಿಯುವಂಥದ್ದು. ಯಾವುದು ವಾಸಿ?

ಈಗ ಒಂದು ಖುಷಿಯ ವಿಷಯ. ಇಂಗ್ಲಿಷ್ ಪುಸ್ತಕಗಳಲ್ಲಿ ಲ್ಯಾಂಡೆಡ್ ಕಾಸ್ಟ್ ಅಂತ ಒಂದು ಪಾಠವೇ ಇರುತ್ತದೆ. ಬರೀ ದರ ನೋಡಬೇಡಿ, ಲಾರಿ ಬಾಡಿಗೆ, ಇಳಿಸುವ ಕೂಲಿ, ತೆರಿಗೆ, ದಾರಿಯಲ್ಲಿ ಆಗುವ ನಷ್ಟ ಎಲ್ಲ ಸೇರಿಸಿ ನೋಡಿ ಎಂದು. ಕನ್ನಡದವರು ಇದನ್ನು ಯಾವಾಗಲೋ ಒಂದು ಕ್ರಿಯಾಪದದಲ್ಲಿ ಇಟ್ಟುಕೊಂಡಿದ್ದಾರೆ: ‘ಇಲ್ಲಿಗೆ ಮುಟ್ಟುವಾಗ ಕೇಜಿಗೆ ಎಷ್ಟು ಬಿತ್ತು?’ ದರ ಅಂದರೆ ಅವರು ಹೇಳಿದ್ದು, ಬಿದ್ದದ್ದು ಅಂದರೆ ನಮಗೆ ಆದದ್ದು. ‘ಬೀಳುವ ಬೆಲೆ’ ಎಂದು ಹೇಳಿದರೆ ಯಾರಿಗೂ ವಿವರಿಸಬೇಕಾಗಿಲ್ಲ. ತುಲನಾ ಪಟ್ಟಿಯಲ್ಲಿ ‘ದರ’, ‘ಬೀಳುವ ಬೆಲೆ’ ಎಂದು ಎರಡು ಕಾಲಂ ಹಾಕಿದ್ದೇನೆ, ಮಂಗಳೂರಿನಿಂದ ಬರುವ ಮಾಲಿಗೂ ಕೋಯಿಕ್ಕೋಡಿನಿಂದ ಬರುವ ಮಾಲಿಗೂ ಅಗ್ಗಕ್ಕೆ ಬೀಳುವುದು ಯಾರದ್ದು ಎಂಬುದೇ ಕೆಲವೊಮ್ಮೆ ಅದಲುಬದಲಾಗುತ್ತದೆ. ಆದರೆ ಪಂಪ್‌ಸೆಟ್ಟು, ಸಿಂಪಡಣೆ ಯಂತ್ರದಂಥದ್ದಕ್ಕೆ ಇಷ್ಟು ಸಾಲದು. ತಂದ ಮೇಲೆ ಕರೆಂಟು, ಪೆಟ್ರೋಲು, ಬಿಡಿಭಾಗ, ರಿಪೇರಿ, ಕೊನೆಗೆ ಗುಜರಿಗೆ ಹಾಕುವಾಗ ಬರುವ ದುಡ್ಡು, ಇದನ್ನೆಲ್ಲ ಕೂಡಿ ಕಳೆದು ಒಂದು ಲೆಕ್ಕ ಬೇಕು. ಅದಕ್ಕೆ ‘ಬಾಳಿಕೆಯ ಖರ್ಚು’ ಅನ್ನಬಹುದೇ? ‘ಜೀವಿತಾವಧಿ ವೆಚ್ಚ’ ಅಂತ ಕಡತದಲ್ಲಿ ನೋಡಿದ್ದೇನೆ, ನನಗೆ ಅದು ಇನ್ಶೂರೆನ್ಸ್ ಕಾಗದದ ಹಾಗೆ ಕೇಳುತ್ತದೆ.

ಮುಖ್ಯವಾಗಿ ನಿಮ್ಮಲ್ಲಿ ಬಲ್ಲವರು ಹೇಳಬೇಕಾದದ್ದು ‘ಸಂಚಕಾರ’ದ ಬಗ್ಗೆ. ಟೆಂಡರಿನಲ್ಲಿ ಕಟ್ಟುವ ಇಎಂಡಿಗೆ (ಅರ್ನೆಸ್ಟ್ ಮನಿ ಡೆಪಾಸಿಟ್) ಕನ್ನಡದಲ್ಲಿ ಮುಂಗಡ ಠೇವಣಿ, ಬಯಾನ ಅಂತೆಲ್ಲ ಬರೆಯುತ್ತಾರೆ. ‘ಮುಂಗಡ’ ಪೂರ್ತಿ ದಾರಿ ತಪ್ಪಿಸುತ್ತದೆ. ಮುಂಗಡ ಅಂದರೆ ಕೊಳ್ಳುವವರು ಮಾರುವವರಿಗೆ ಮೊದಲೇ ಕೊಡುವ ಬೆಲೆಯ ಒಂದು ಪಾಲು. ಇಎಂಡಿ ಹಾಗಲ್ಲ. ಟೆಂಡರ್ ಹಾಕುವವರೇ ಅದನ್ನು ಕಟ್ಟಬೇಕು, ಅದು ಬೆಲೆಯ ಪಾಲಲ್ಲ, ನಡುವೆ ಮಾತು ತಪ್ಪಿದರೆ ಮುಟ್ಟುಗೋಲಾಗುತ್ತದೆ. ಕೇಂದ್ರದ ಜನರಲ್ ಫೈನಾನ್ಶಿಯಲ್ ರೂಲ್ಸ್ 2017ರ 170ನೇ ನಿಯಮದಲ್ಲಿ ಇದನ್ನು ಅಂದಾಜು ಮೊತ್ತದ ಶೇ. 2ರಿಂದ 5 ಎಂದು ಇಟ್ಟಿದ್ದಾರೆ, ಟೆಂಡರ್ ಸಿಗದವರಿಗೆ ಕರಾರು ಕೊಟ್ಟ 30 ದಿನದೊಳಗೆ ವಾಪಸ್ ಮಾಡಬೇಕು. ‘ಮುಂಗಡ’ ಎಂದು ಕಲಿತವರು ಅದನ್ನು ಬಿಲ್ಲಿನಲ್ಲಿ ಕಳೆಯಲು ಹೋಗುತ್ತಾರೆ.

ಹಳೆಯ ಕನ್ನಡದಲ್ಲಿ ಇದಕ್ಕೆ ಸಂಚಕಾರ ಎನ್ನುವ ಪದವೇ ಇತ್ತಲ್ಲ. ಸತ್ಯಂಕಾರದಿಂದ ಬಂದದ್ದು, ಆಡಿದ ಮಾತನ್ನು ನಿಜ ಮಾಡಲು ಇಡುವ ಹಣ. ತಮಿಳು, ಮಲಯಾಳದಲ್ಲಿ ಅದೇ ‘ಅಚ್ಚಾರಂ’ ಆಗಿ ಇನ್ನೂ ಉಳಿದಿದೆ. ನಮ್ಮಲ್ಲಿ ಮಾತ್ರ ‘ಪ್ರಾಣಕ್ಕೆ ಸಂಚಕಾರ’, ‘ಕೆಲಸಕ್ಕೆ ಸಂಚಕಾರ’ ಎಂದು ಅಪಾಯಕ್ಕೆ ಸೀಮಿತವಾಯಿತು. ‘ಸಂಚಕಾರ ಕಟ್ಟಿ’ ಎಂದು ಇಂದು ಬರೆದರೆ ಜನ ಬೆಚ್ಚಿಬೀಳುತ್ತಾರೇನೋ. ಜೊತೆಗೆ, ವ್ಯಾಪಾರ ಕುದುರಿಸುವಾಗ ಸಂಚಕಾರ ಕೊಡುತ್ತಿದ್ದುದು ಕೊಳ್ಳುವವರು, ಟೆಂಡರಿನಲ್ಲಿ ಅದು ತಿರುಗಾಮುರುಗಾ. ಕೇರಳದ ಟೆಂಡರ್ ಜಾಹೀರಾತಿನಲ್ಲಿ ಅಚ್ಚಾರ ಬಿಟ್ಟು ‘ನಿರತದ್ರವ್ಯಂ’ ಎಂದು ಹಾಕುತ್ತಾರೆ, ಅದನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದ ನೋಟಿಸು ನೋಡಿದರೆ ನಮ್ಮವರಿಗೆ ತಲೆಬುಡ ಗೊತ್ತಾಗುವುದಿಲ್ಲ. ಸಂಚಕಾರವನ್ನು ಮತ್ತೆ ಎಬ್ಬಿಸಬಹುದೇ, ಅಥವಾ ‘ಮಾತಿನ ಠೇವಣಿ’ ಎಂದು ಹೊಸದು ಕಟ್ಟುವುದು ಒಳ್ಳೆಯದೇ? ನಿಮ್ಮ ಅಜ್ಜಂದಿರು ಎತ್ತಿನ ವ್ಯಾಪಾರದಲ್ಲೋ ಜಾಗದ ವ್ಯಾಪಾರದಲ್ಲೋ ಸಂಚಕಾರ ಕೊಟ್ಟ ಮಾತು ಯಾರಾದರೂ ಕಿವಿಯಾರೆ ಕೇಳಿದ್ದರೆ ದಯವಿಟ್ಟು ಆ ವಾಕ್ಯವನ್ನೇ ಬರೆಯಿರಿ.

ಮಲಯಾಳದ ಇನ್ನೊಂದು ಪದ ‘ದರ್ಘಾಸ್’. ಅಲ್ಲಿ ಅದಕ್ಕೆ ಟೆಂಡರ್ ಎಂದರ್ಥ. ನಮಗೆ ದರಖಾಸ್ತು ಅಂದರೆ ಸರ್ಕಾರಿ ಜಾಗ ಕೊಡಿ ಅನ್ನುವ ಅರ್ಜಿ. ಎರಡೂ ಪಾರ್ಸಿಯ ಒಂದೇ ಪದದಿಂದ ಬಂದವು. ಇದಕ್ಕೆ ಟೆಂಡರ್ ಎಂದೇ ಇಟ್ಟುಬಿಟ್ಟಿದ್ದೇನೆ, ಚರ್ಚೆ ಬೇಡ.

ಚರ್ಚೆ ಬೇಕಾದದ್ದು ನೆಗೋಷಿಯೇಶನ್‌ಗೆ. ‘ಚೌಕಾಸಿ’ ಅಂದರೆ ಸಂತೆಯಲ್ಲಿ ಎರಡು ರೂಪಾಯಿ ಇಳಿಸುವುದು ಎಂದಷ್ಟೇ ಆಗಿದೆ. ಮರಾಠಿಯಲ್ಲಿ ಚೌಕಶಿ ಅಂದರೆ ವಿಚಾರಣೆ, ಕೇಳಿ ತಿಳಿಯುವುದು. ಆ ಅರ್ಥವೇ ನನಗೆ ಹೆಚ್ಚು ಹಿಡಿಸಿತು. ಒಳ್ಳೆಯ ಖರೀದಿಯವರು ದರದ ಮಾತಿಗೆ ಕೂರುವ ಮೊದಲು ಆ ಮಾಲು ಮಾಡುವವರಿಗೆ ಎಷ್ಟು ಬಿದ್ದಿರಬಹುದು, ಬೇರೆ ಯಾರು ಕೊಡುತ್ತಾರೆ, ಅವರಿಗೆ ಯಾವ ತಿಂಗಳು ಕೆಲಸ ಕಡಿಮೆ ಎಂದೆಲ್ಲ ವಿಚಾರಿಸಿರುತ್ತಾರೆ. ದರ ಒಂದೇ ಅಲ್ಲ, ಬೇಗ ಹಣ ಕೊಡುವುದು, ಎರಡು ಕಂತಿನಲ್ಲಿ ಮಾಲು ಕಳಿಸುವುದು, ಚೀಲದ ಅಳತೆ, ಇವನ್ನೂ ಮಾತಾಡುತ್ತಾರೆ. ಸರ್ಕಾರಿ ಟೆಂಡರಿನಲ್ಲಾದರೆ ಇದಕ್ಕೆ ಕಟ್ಟುಪಾಡು ಇದೆ, ಟೆಂಡರ್ ತೆರೆದ ಮೇಲೆ ಮಾತುಕತೆ ಮಾಡಬಾರದು, ಮಾಡಲೇಬೇಕಾದರೆ ಅತಿ ಕಡಿಮೆ ದರ ಹಾಕಿದವರೊಂದಿಗೆ ಮಾತ್ರ ಎಂದು ಕೇಂದ್ರ ಜಾಗೃತ ಆಯೋಗ 2007ರಲ್ಲೇ ಸುತ್ತೋಲೆ ಹೊರಡಿಸಿದೆ. ‘ಸಂಧಾನ’ ಅಂದರೆ ಜಗಳ ಬಿಡಿಸಿದ ಹಾಗೆ, ‘ಮಾತುಕತೆ’ ಅಂದರೆ ಮದುವೆ ಮಾತುಕತೆಯೂ ಆದೀತು. ‘ದರದ ಮಾತು’ ಎಂದರೆ ದರವೊಂದೇ ಆಗಿಬಿಡುತ್ತದೆ. ಇಲ್ಲಿ ನಿಜವಾಗಿ ಕೈಕಟ್ಟಿದೆ.

ಎಲ್ಲ ಮಾಲಿಗೂ ಒಂದೇ ರೀತಿ ದರ ಜಗ್ಗಬಾರದು ಅನ್ನುವುದಕ್ಕೆ ಮ್ಯಾನೇಜ್‌ಮೆಂಟ್ ಸಲಹೆಗಾರ ಪೀಟರ್ ಕ್ರಾಲಿಚ್ 1983ರಲ್ಲಿ ಕೊಟ್ಟ ನಾಲ್ಕು ಮನೆಯ ಚೌಕವನ್ನು ಕಲಿಸುತ್ತೇನೆ. ನಮಗೆ ಎಷ್ಟು ಲಾಭ ನಷ್ಟ ಆಗುತ್ತದೆ ಎಂಬುದು ಒಂದು ಕಡೆ, ಸಿಗುವುದು ಎಷ್ಟು ಕಷ್ಟ ಎಂಬುದು ಇನ್ನೊಂದು ಕಡೆ. ಎರಡೂ ಕಮ್ಮಿ ಇದ್ದರೆ ‘ದಿನಬಳಕೆಯವು’ ಅಂದಿದ್ದೇನೆ, ಕಾಗದ ಪೆನ್ನಿನಂಥವು, ಅವಕ್ಕೆ ಸುಮ್ನೆ ಸಮಯ ಹಾಳು ಮಾಡಬಾರದು. ಲಾಭ ನಷ್ಟ ಜಾಸ್ತಿ, ಮಾರುವವರೂ ಬಹಳ ಇದ್ದರೆ ‘ಪೈಪೋಟಿಯವು’, ಜಗ್ಗಬೇಕಾದದ್ದು ಇಲ್ಲಿ. ಮೊತ್ತ ಸಣ್ಣದು, ಆದರೆ ಹಳೆಯ ಯಂತ್ರದ ಬಿಡಿಭಾಗದಂತೆ ಒಬ್ಬರ ಹತ್ತಿರ ಮಾತ್ರ ಸಿಗುವಂಥವು ‘ಇಕ್ಕಟ್ಟಿನವು’. ಈ ಹೆಸರು ತಾನಾಗಿ ಬಂತು. ಎರಡೂ ಜಾಸ್ತಿ ಇರುವ ನಾಲ್ಕನೆಯ ಮನೆಗೆ ‘ಆಯಕಟ್ಟಿನವು’ ಅಂದಿದ್ದೇನೆ. ಆಯಕಟ್ಟಿನ ಜಾಗ ಅನ್ನುವ ಬಳಕೆ ಇರುವುದರಿಂದ ನಡೆಯಬಹುದು ಅನಿಸಿತು, ಆದರೆ ನೀರಾವರಿ ಅಚ್ಚುಕಟ್ಟಿಗೂ ಅದೇ ಪದ ಹೇಳುವ ಊರಿನವರಿಗೆ ಇದು ಹೇಗೆ ಕೇಳುತ್ತದೆ?

ಹೊಸೂರು, ತಾಳವಾಡಿ, ಅಕ್ಕಲಕೋಟೆ, ಜತ್ತ, ರಾಯದುರ್ಗ, ಮಡಕಶಿರಾ ಕಡೆಯವರು ಈ ಬಳಗದಲ್ಲಿದ್ದರೆ ಅವರ ಉತ್ತರ ನನಗೆ ಹೆಚ್ಚು ಬೇಕು. ಪಕ್ಕದ ಭಾಷೆಯ ಕಚೇರಿಯಲ್ಲಿ ಕನ್ನಡ ಮಾತಾಡುತ್ತ ಮಾಲು ತರಿಸುವವರು ಯಾವ ಪದ ಹಿಡಿದಿದ್ದೀರಿ? ಮುಖ್ಯವಾಗಿ ಹರಾಜಿನ ವಿಷಯದಲ್ಲಿ. ನಮ್ಮಲ್ಲಿ ಏಲಂ ಅನ್ನುತ್ತೇವೆ, ಬಡಗಲಲ್ಲಿ ಲಿಲಾವು ಅನ್ನುತ್ತಾರೆ. ಎರಡರಲ್ಲೂ ಬೆಲೆ ಏರುವುದೇ ರೂಢಿ. ಸರ್ಕಾರಿ ಖರೀದಿಯ ಜಾಲತಾಣವಾದ ಜೆಮ್ ಪೋರ್ಟಲ್‌ನ ರಿವರ್ಸ್ ಆಕ್ಷನ್‌ನಲ್ಲಿ ಮಾರುವವರು ಒಬ್ಬರಿಗಿಂತ ಒಬ್ಬರು ಇಳಿಸುತ್ತ ಹೋಗುತ್ತಾರೆ. ‘ಹಿಮ್ಮುಖ ಹರಾಜು’ ಎಂದರೆ ಏನು ಹಿಂದೆ ಹೋಗುತ್ತದೆ ಎಂದು ಗೊತ್ತಾಗುವುದಿಲ್ಲ. ‘ಇಳಿ ಏಲಂ’ ಎಂದು ಬರೆದಿಟ್ಟಿದ್ದೇನೆ. ಏಲಂ ಗೊತ್ತಿಲ್ಲದ ಊರಿನಲ್ಲಿ ‘ಇಳಿ ಹರಾಜು’ ಎಂದರೆ ತಟ್ಟನೆ ತಿಳಿಯುತ್ತದೆಯೇ, ತಿಳಿಸಿ.