ತೋಟಕ್ಕೆ ಯಾವ ಥಾರ್?

ಕೊಡಗಿನ ಶಾಂತಳ್ಳಿ ಕಡೆಯ ನಮ್ಮ ಕಾಫಿ ತೋಟದ ಹಳೇ ಜೀಪು ಈ ಬೇಸಿಗೆಯಲ್ಲಿ ಪೂರ್ತಿ ಕೈಕೊಟ್ಟಿತು. ಅದರ ಜಾಗಕ್ಕೆ ಮಹೀಂದ್ರಾದ ಥಾರ್ ಜೀಪುಗಳಲ್ಲಿ ಯಾವುದನ್ನು ತರುವುದು ಅಂತ ಮನೆಯ ವಾಟ್ಸಾಪ್ ಗುಂಪಿನಲ್ಲಿ ಮೊನ್ನೆ ರಾತ್ರಿ ನಡೆದ ಮಾತು ಇದು.

ಅಣ್ಣ: [ಫೋಟೊ] ಸುಂಟಿಕೊಪ್ಪದಲ್ಲಿ ಒಂದು ಥಾರ್ ಇದೆ. 2015ರ ಸಿಆರ್‌ಡಿಇ ಡೀಸೆಲ್ ಎಂಜಿನ್, ಫೋರ್ ವೀಲ್ ಡ್ರೈವ್. 7 ಲಕ್ಷ ಹೇಳುತ್ತಿದ್ದಾರೆ. ನಾಳೆ ಅಡ್ವಾನ್ಸ್ ಕೊಡಲಾ?

ಅಕ್ಕ: ಸ್ವಲ್ಪ ತಡಿ. ಕುಶಾಲನಗರದಲ್ಲಿ 2021ರದ್ದು ಇದೆ ಅಂತ ನಿಮ್ಮ ಭಾವ ಹೇಳಿದರು. ಹೊಸ ಮಾದರಿ ಥಾರ್, ಡೀಸೆಲ್. 12 ಲಕ್ಷ.

ಅಣ್ಣ: 5 ಲಕ್ಷ ಜಾಸ್ತಿ ಅಕ್ಕ. ಆ ದುಡ್ಡಲ್ಲಿ ಕಾಫಿ ಕಣಕ್ಕೆ ಹೊಸದಾಗಿ ಕಾಂಕ್ರೀಟ್ ಹಾಕಿಸಬಹುದು. ಹಳೇದಕ್ಕೆ ಹಿಂದೆ ಲೀಫ್ ಸ್ಪ್ರಿಂಗ್. ಗೊಬ್ಬರದ ಚೀಲ ಹೇರಿದರೆ ತಡೆಯುತ್ತದೆ. ಮುರಿದರೂ ಸೋಮವಾರಪೇಟೆಯಲ್ಲೇ ರಿಪೇರಿ ಆಗುತ್ತದೆ. ಹೊಸದರಲ್ಲಿ ಎಂಜಿನ್ ಲೈಟ್ ಉರಿದರೆ ಲ್ಯಾಪ್‌ಟಾಪ್ ಹುಡುಕಿಕೊಂಡು ಹೋಗಬೇಕು.

ನಾನು: ಸಿಆರ್‌ಡಿಇ ಕೂಡ ಕಂಪ್ಯೂಟರ್ ಇರುವ ಎಂಜಿನ್ನೇ ಅಣ್ಣ. ಕಂಪ್ಯೂಟರ್ ಇಲ್ಲದ ಹಳೇ ಡಿಐ ಜೀಪಿನ ಹಾಗೆ ಸ್ಪ್ಯಾನರ್ ಹಿಡಿದು ಎಲ್ಲ ಸರಿ ಮಾಡೋಕೆ ಆಗುವುದಿಲ್ಲ.

ಚಿಕ್ಕಪ್ಪ: ಆದರೂ ಹೊಸದರಲ್ಲಿ ಒಂದು ತೊಂದರೆ ಇದೆ ಮಗಳೇ. ಅದು ಬಿಎಸ್6, ಅಂದರೆ ಹೊಗೆಯ ಹೊಸ ನಿಯಮದ ಗಾಡಿ. ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅಂತ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಚೆನ್ನಾಗಿ ಬಿಸಿಯಾಗಿ ಒಂದಷ್ಟು ಹೊತ್ತು ಒಂದೇ ಸಮ ಓಡಬೇಕು. ನಮ್ಮ ಓಡಾಟ ನೋಡು. ಮನೆಯಿಂದ ಕಣ, ಕಣದಿಂದ ಕೆಲಸದವರ ಲೈನ್ ಮನೆ. ಬರೀ ಒಂದನೇ ಗೇರು, ಎರಡನೇ ಗೇರು. ಫಿಲ್ಟರ್ ಕಟ್ಟಿಕೊಳ್ಳದೆ ಇರುತ್ತಾ?

ನಾನು: ಅದು ನಿಜ ಚಿಕ್ಕಪ್ಪ. ತೋಟದೊಳಗೇ ಇಟ್ಟುಕೊಂಡರೆ ಕಟ್ಟಿಕೊಳ್ಳುತ್ತದೆ. ವಾರಕ್ಕೊಮ್ಮೆ ಕುಶಾಲನಗರಕ್ಕೆ ಹೇಗೂ ಹೋಗುತ್ತೇವಲ್ಲ, ಇದರಲ್ಲೇ ಹೋಗೋಣ.

ಅತ್ತಿಗೆ: ನನಗೆ ಬೇರೆಯೇ ಯೋಚನೆ. ಹೊಸದಕ್ಕೆ ಮೂರೇ ಬಾಗಿಲು. ಮುಂದಿನ ಸೀಟು ಮಡಚಿ ಹಿಂದೆ ನುಗ್ಗಬೇಕು. ಅತ್ತೆಯ ಮೊಣಕಾಲಿಗೆ ಅದು ಆಗುತ್ತಾ? ಐದು ಬಾಗಿಲಿನ ರಾಕ್ಸ್ ನೋಡಬಹುದಲ್ಲ?

ಅಣ್ಣ: ರಾಕ್ಸ್ ಬಂದದ್ದೇ 2024ರಲ್ಲಿ. ಸೆಕೆಂಡ್ ಹ್ಯಾಂಡ್ ಕೂಡ ನಮ್ಮ ಕೈಗೆ ಎಟುಕುವುದಿಲ್ಲ. ಉದ್ದವೂ ಜಾಸ್ತಿ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2850 ಮಿ.ಮೀ. ಮೂರು ಬಾಗಿಲಿನದ್ದು 2450. ಹಲಸಿನ ಮರದ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗುವುದಿಲ್ಲ. ಸುಂಟಿಕೊಪ್ಪದ್ದು 2430. ಹಿಂದೆ ಎದುರುಬದುರು ಬೆಂಚು. ಅಮ್ಮ ಹಿಂದಿನ ಬಾಗಿಲಿನಿಂದ ಹತ್ತಿ ಆರಾಮಾಗಿ ಕೂರಬಹುದು.

ನಾನು: ಆ ಬೆಂಚೇ ನನಗೆ ಬೇಡ ಅಣ್ಣ. ಹೋದ ವರ್ಷ ಜುಲೈನಲ್ಲಿ ಅಪ್ಪನಿಗೆ ಉಸಿರು ಕಟ್ಟಿದ ರಾತ್ರಿ ಜೀಪು ಓಡಿಸಿದ್ದು ನಾನು. ಜೋರು ಮಳೆ. ಮಡಿಕೇರಿ ದಾರಿಯ ಒಂದು ಇಳಿಜಾರಿನಲ್ಲಿ ಕೊಂಬೆ ಮುರಿದು ಬಿದ್ದಿತ್ತು. ಹತ್ತಿರ ಹೋಗುವವರೆಗೆ ಕಾಣಲಿಲ್ಲ. ಬ್ರೇಕ್ ಒತ್ತಿದೆ. ಚಕ್ರ ನಿಂತಿತು, ಜೀಪು ನಿಲ್ಲಲಿಲ್ಲ. ಸ್ಟೇರಿಂಗ್ ತಿರುಗಿಸಿದರೂ ನೇರ ಜಾರಿಕೊಂಡು ಹೋಯಿತು. ಎಡಕ್ಕೆ ಎಳೆದು ಬರೆಗೆ ಒರೆಸಿಕೊಂಡು ನಿಂತಿತು. ಬಲಗಡೆ ಎಳೆದಿದ್ದರೆ ಕೊಲ್ಲಿ. ಹಿಂದೆ ಬೆಂಚಿನ ಮೇಲೆ ಅಮ್ಮ ಅಪ್ಪನನ್ನು ಒರಗಿಸಿಕೊಂಡು ಕೂತಿದ್ದರು. ಇಬ್ಬರೂ ಕೆಳಗೆ ಬಿದ್ದರು. ಹಿಡಿದಿಡಲು ಒಂದು ಬೆಲ್ಟ್ ಇರಲಿಲ್ಲ.

ಅಣ್ಣ: ಇದನ್ನು ನೀನು ಹೇಳಲೇ ಇಲ್ಲವಲ್ಲ.

ನಾನು: ಅಪ್ಪ ಐಸಿಯುನಲ್ಲಿ ಇದ್ದರು ಅಣ್ಣ. ಆಗ ಏನಂತ ಹೇಳಲಿ?

ನಾನು: ಚಕ್ರ ಪೂರ್ತಿ ನಿಂತುಹೋಗದಂತೆ ತಡೆಯುವ ಎಬಿಎಸ್ ಇದ್ದಿದ್ದರೆ ಬ್ರೇಕ್ ಒತ್ತಿ ಹಿಡಿದಾಗಲೂ ಗಾಡಿ ತಿರುಗುತ್ತಿತ್ತು. 2015ರ ಸಿಆರ್‌ಡಿಇಯಲ್ಲಿ ಎಬಿಎಸ್ ಇಲ್ಲ, ಏರ್‌ಬ್ಯಾಗೂ ಇಲ್ಲ. 2020ರಲ್ಲಿ ಬಂದ ಹೊಸದರಲ್ಲಿ ಎರಡೂ ಇವೆ. ಅದನ್ನು ಗ್ಲೋಬಲ್ ಎನ್‌ಕ್ಯಾಪ್‌ನವರು ಗುದ್ದಿಸಿ ನೋಡಿದ್ದಾರೆ. ದೊಡ್ಡವರಿಗೂ ಮಕ್ಕಳಿಗೂ 5ಕ್ಕೆ 4 ಸ್ಟಾರ್ ಬಂದಿದೆ. ಹಿಂದಿನ ಸೀಟು ಮುಂದಕ್ಕೆ ಮುಖ ಮಾಡಿದೆ, ಬೆಲ್ಟ್ ಇದೆ. ನಿನ್ನ ಮಕ್ಕಳನ್ನು ದಿನಾ ಬೆಳಗ್ಗೆ ಸ್ಕೂಲ್ ಬಸ್ಸಿಗೆ ಬಿಡುವುದೂ ಇದೇ ಗಾಡಿಯಲ್ಲಿ ಅಲ್ವಾ?

ಅಕ್ಕ: ತೋಟದ ಕೆಲಸಕ್ಕೂ ಅದು ಕಡಿಮೆ ಏನಲ್ಲ. ನೆಲದಿಂದ 226 ಮಿ.ಮೀ. ಎತ್ತರ, ಹಳೇದು 200. 650 ಮಿ.ಮೀ. ನೀರಿನಲ್ಲಿ ಇಳಿಯುತ್ತದೆ. ಕಡಿದಾದ ಏರು, ಕೆಸರಿಗೆ ನಾಲ್ಕೂ ಚಕ್ರ ನಿಧಾನಕ್ಕೆ ಜೋರಾಗಿ ಎಳೆಯುವ ಫೋರ್ ಲೋ ಗೇರು ಹಾಗೇ ಇದೆ.

ಅಣ್ಣ: ಹೇರುವುದಕ್ಕೆ ಏನು ಮಾಡುವುದು? ಸೀಟು ಮಡಚಿದರೂ ಅದರಲ್ಲಿ ಎಷ್ಟು ಚೀಲ ಹಿಡಿಯುತ್ತದೆ?

ಚಿಕ್ಕಪ್ಪ: ಕೊಯ್ಲಿನ ಹೊತ್ತಿಗೆ ಪಿಕಪ್ ಬಾಡಿಗೆಗೆ ತೆಗೆದುಕೊಳ್ಳೋಣ. ನನ್ನ ಗೊಬ್ಬರವನ್ನೂ ಅದರಲ್ಲೇ ತರಿಸುತ್ತೇನೆ, ಬಾಡಿಗೆ ಅರ್ಧ ನಾನು ಕೊಡುತ್ತೇನೆ. ಇನ್ನೊಂದು ಮಾತು. 2015ರ ಗಾಡಿಗೆ 2030ಕ್ಕೆ ಹದಿನೈದು ವರ್ಷ ತುಂಬುತ್ತದೆ. ಆಮೇಲೆ ಎಫ್‌ಸಿ ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್, ಮತ್ತೆ ರಿಜಿಸ್ಟ್ರೇಷನ್.

ಅಪ್ಪ: ನನಗೋಸ್ಕರ ಅಂತ ಜಾಸ್ತಿ ದುಡ್ಡು ಹಾಕಬೇಡಿ. ನಾನು ಈಗ ಚೆನ್ನಾಗಿದ್ದೇನೆ.

ಅಣ್ಣ: ನಿಮಗೊಬ್ಬರಿಗೇ ಅಲ್ಲ ಅಪ್ಪ.

ಅಣ್ಣ: ಅಕ್ಕ, ಕುಶಾಲನಗರದವರ ನಂಬರ್ ಕಳಿಸು. ಭಾನುವಾರ ಹೋಗುತ್ತೇನೆ. ಅಡಿಯಲ್ಲಿ ತುಕ್ಕು ನೋಡಬೇಕು, ಫೋರ್ ಲೋ ಹಾಕಿ ಒಂದು ಏರು ಹತ್ತಿಸಬೇಕು. ಸುಂಟಿಕೊಪ್ಪದವರಿಗೆ ಸೋಮವಾರದವರೆಗೆ ತಡೆಯಲು ಹೇಳುತ್ತೇನೆ.

ಅತ್ತಿಗೆ: ಅತ್ತೆಯನ್ನೂ ಕರೆದುಕೊಂಡು ಹೋಗಿ. ಮುಂದೆ ಹತ್ತಿ ಕೂತು ನೋಡಲಿ, ಕಾಲು ಎತ್ತಲು ಆಗುತ್ತದಾ ಅಂತ.