ದೊಡ್ಡಪ್ಪನ ಲ್ಯಾಪ್‌ಟಾಪ್‌ಗೆ ಎರಡು ವಿಂಡೋಸ್ ಬೇಕಾ?

(ನಮ್ಮ ಕುಟುಂಬದ ಗುಂಪಿನಲ್ಲಿ ನಡೆದ ಚರ್ಚೆ. ಮಧ್ಯೆ ಬಂದ ಶುಭ ಮುಂಜಾನೆಗಳನ್ನು ತೆಗೆದಿದ್ದೇನೆ.)

ಭಾವ: [ಫಾರ್ವರ್ಡ್ ಆದ ಸಂದೇಶ] ವಿಂಡೋಸ್ 11 ಇರುವ ಲ್ಯಾಪ್‌ಟಾಪ್‌ನಲ್ಲೇ ವಿಂಡೋಸ್ 7 ಹಾಕಿಕೊಳ್ಳುವ ಸುಲಭ ಉಪಾಯ!! ಸೆಕ್ಯೂರ್ ಬೂಟ್ ಆಫ್ ಮಾಡಿ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ‘ಇದು ಜಿಪಿಟಿ ಡಿಸ್ಕ್, ಇಲ್ಲಿ ಇನ್‌ಸ್ಟಾಲ್ ಆಗಲ್ಲ’ ಅಂತ ಬಂದರೆ ಹೆದರಬೇಡಿ. ಶಿಫ್ಟ್ ಮತ್ತು ಎಫ್10 ಒತ್ತಿ. ಡಿಸ್ಕ್‌ಪಾರ್ಟ್, ಸೆಲೆಕ್ಟ್ ಡಿಸ್ಕ್ 0, ಕ್ಲೀನ್, ಕನ್ವರ್ಟ್ ಎಂಬಿಆರ್ ಅಂತ ಒಂದೊಂದಾಗಿ ಟೈಪ್ ಮಾಡಿ. ಅಷ್ಟೇ! ಎರಡೂ ವಿಂಡೋಸ್ ಒಂದೇ ಲ್ಯಾಪ್‌ಟಾಪ್‌ನಲ್ಲಿ. ಎಲ್ಲರಿಗೂ ಕಳಿಸಿ 🙏🙏

ಭಾವ: ದೊಡ್ಡ ಮಾವ, ನೀವು ಕೇಳುತ್ತಿದ್ದಿರಲ್ಲ, ಇಲ್ಲಿದೆ ನೋಡಿ.

ದೊಡ್ಡಪ್ಪ: ಬಹಳ ಉಪಕಾರವಾಯಿತು. ಹಳೇ ಲೆಕ್ಕದ ಪ್ರೋಗ್ರಾಂ ಈ ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆಯುವುದೇ ಇಲ್ಲ. ಸ್ಕ್ಯಾನರ್ ಕೂಡ ಹಾಗೆಯೇ. ಇವತ್ತು ಸಂಜೆಯೇ ಕೂರುತ್ತೇನೆ.

ನಾನು: ದೊಡ್ಡಪ್ಪ, ಬೇಡ. ಪೆನ್‌ಡ್ರೈವ್ ಮುಟ್ಟಬೇಡಿ. ಆ ಮೆಸೇಜಿನಲ್ಲಿ ‘ಕ್ಲೀನ್’ ಅಂತ ಇದೆಯಲ್ಲ, ಅದು ಡಿಸ್ಕಿನ ಧೂಳು ಒರೆಸುವ ಆಜ್ಞೆ ಅಲ್ಲ. ಇಡೀ ಡಿಸ್ಕಿನ ಪಾರ್ಟಿಷನ್ ಪಟ್ಟಿಯನ್ನೇ, ಅಂದರೆ ಡಿಸ್ಕಿನ ಯಾವ ಭಾಗದಲ್ಲಿ ಏನಿದೆ ಅನ್ನುವ ಪಟ್ಟಿಯನ್ನೇ, ಅಳಿಸುತ್ತದೆ. ವಿಂಡೋಸ್ 11, ನಿಮ್ಮ ಫೋಟೋ, ಲೆಕ್ಕ ಎಲ್ಲ ಹೋಗುತ್ತದೆ. ‘ಖಂಡಿತಾನಾ?’ ಅಂತ ಒಂದು ಮಾತೂ ಕೇಳುವುದಿಲ್ಲ. ಎಂಟರ್ ಒತ್ತಿದರೆ ಮುಗಿಯಿತು.

ಭಾವ: ಸುಮ್ನೆ ಹೆದರಿಸಬೇಡ. ಎರಡೂ ವಿಂಡೋಸ್ ಇರುತ್ತದೆ ಅಂತ ಅದರಲ್ಲೇ ಬರೆದಿದೆ.

ನಾನು: ಬರೆದಿದೆ ಭಾವ. ಕ್ಲೀನ್ ಮಾಡಿದ ಮೇಲೆ ಉಳಿಯುವುದು ಖಾಲಿ ಡಿಸ್ಕ್. ಅದರ ಮೇಲೆ ವಿಂಡೋಸ್ 7 ಒಂದೇ ಕೂರುತ್ತದೆ. ಇನ್ನೊಂದು ಎಲ್ಲಿಂದ ಬರಬೇಕು?

ತಮ್ಮ: 😂

ಅಕ್ಕ: ಇವರು ಓದದೆ ಫಾರ್ವರ್ಡ್ ಮಾಡುವುದು ಇದೇ ಮೊದಲಲ್ಲ.

ಭಾವ: ಓದಿಯೇ ಕಳಿಸಿದ್ದು. ಸರಿ, ಆ ಒಂದು ಸಾಲು ತಪ್ಪಿರಬಹುದು. ಅದಕ್ಕೆ ಇಡೀ ವಿಷಯವೇ ತಪ್ಪಾ? ಡ್ಯುಯಲ್ ಬೂಟ್ ಜಗತ್ತೆಲ್ಲ ಮಾಡುತ್ತದೆ. ನಾನೇ ಎಕ್ಸ್‌ಪಿ ಮತ್ತು 7 ಎರಡೂ ಇಟ್ಟುಕೊಂಡಿದ್ದೆ. ಆನ್ ಮಾಡಿದಾಗ ಯಾವುದು ಬೇಕು ಅಂತ ಕೇಳುತ್ತಿತ್ತು. ಏನೂ ತೊಂದರೆ ಇರಲಿಲ್ಲ.

ನಾನು: ಆಗ ಎರಡೂ ಹಳೇ ಬಯೋಸ್ (ಯಂತ್ರವನ್ನು ಎಬ್ಬಿಸುವ ಮೊದಲ ಪ್ರೋಗ್ರಾಂ) ಕಾಲದವು. ಆಗಿನ ನಿಯಮ ಸುಲಭ: ಹಳೆಯದನ್ನು ಮೊದಲು ಹಾಕು, ಹೊಸದನ್ನು ಆಮೇಲೆ ಹಾಕು. ಹೊಸದಕ್ಕೆ ಹಳೆಯದರ ಗುರುತು ಸಿಗುತ್ತದೆ, ಹಳೆಯದಕ್ಕೆ ಹೊಸದರ ಗುರುತು ಸಿಗುವುದಿಲ್ಲ. ಆದರೂ ಒಂದು ತೊಂದರೆ ಇತ್ತು, ನೀವು ಗಮನಿಸಿರಲಿಕ್ಕಿಲ್ಲ. ಎಕ್ಸ್‌ಪಿ ಒಂದು ಸಲ ಬೂಟ್ ಆದರೆ ಸಾಕು, ಅದಕ್ಕೆ ಕಾಣುವ ಡ್ರೈವ್‌ನಲ್ಲಿ 7 ಇಟ್ಟುಕೊಂಡಿದ್ದ ರಿಸ್ಟೋರ್ ಪಾಯಿಂಟ್‌ಗಳೆಲ್ಲ (ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಬೇಕಾದವು) ಅಳಿಸಿಹೋಗುತ್ತಿದ್ದವು.

ಭಾವ: ಓಹೋ. ಅದಕ್ಕೇ ಒಂದೂ ಇರುತ್ತಿರಲಿಲ್ಲವಾ!

ದೊಡ್ಡಪ್ಪ: ನಿಮ್ಮ ಹಳೇ ಕಥೆ ಇರಲಿ. ನನ್ನ ಕೆಲಸ ಆಗುತ್ತದೋ ಇಲ್ಲವೋ ಅಷ್ಟು ಹೇಳಿ.

ನಾನು: ಮೊದಲು ಒಂದು ಪ್ರಶ್ನೆ. ಲೆಕ್ಕದ ಪ್ರೋಗ್ರಾಂ ಯಾವ ಕಾಲದ್ದು? ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಏನು ಹೇಳುತ್ತದೆ?

ದೊಡ್ಡಪ್ಪ: ವಿಂಡೋಸ್ 95ಕ್ಕಿಂತ ಮುಂಚಿನದು. ‘ಈ ಆ್ಯಪ್ ನಿಮ್ಮ ಪಿಸಿಯಲ್ಲಿ ಓಡುವುದಿಲ್ಲ’ ಅನ್ನುತ್ತದೆ. ಹಳೇ ಡೆಸ್ಕ್‌ಟಾಪ್‌ನ ವಿಂಡೋಸ್ 7ರಲ್ಲಿ ಚೆನ್ನಾಗಿ ಓಡುತ್ತಿತ್ತು.

ನಾನು: ಹಾಗಾದರೆ ಅದು 16 ಬಿಟ್, ಅಂದರೆ ಹಳೇ ತಲೆಮಾರಿನ ಪ್ರೋಗ್ರಾಂ. ಡೆಸ್ಕ್‌ಟಾಪ್‌ನಲ್ಲಿ ಇದ್ದದ್ದು 32 ಬಿಟ್ ವಿಂಡೋಸ್ 7. 64 ಬಿಟ್ ವಿಂಡೋಸ್ ಯಾವುದೇ ಆಗಲಿ, 7 ಇರಲಿ 11 ಇರಲಿ, 16 ಬಿಟ್ ಪ್ರೋಗ್ರಾಂ ಓಡಿಸುವುದಿಲ್ಲ. ಅದಕ್ಕೆ ಬೇಕಾದ ಭಾಗವೇ ಅದರಲ್ಲಿಲ್ಲ. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಅಂದರೆ ನಿಮಗೆ ಬೇಕಿರುವುದು ‘ವಿಂಡೋಸ್ 7’ ಅಲ್ಲ, ‘32 ಬಿಟ್ ವಿಂಡೋಸ್ 7’. ಇಲ್ಲೇ ಭಾವನ ಉಪಾಯ ಕೈಕೊಡುವುದು.

ಭಾವ: 32 ಬಿಟ್ ಹಾಕಿದರಾಯಿತು. ಅದರಲ್ಲೇನಿದೆ?

ನಾನು: ದೊಡ್ಡಪ್ಪನ ಲ್ಯಾಪ್‌ಟಾಪ್ ಯುಇಎಫ್ಐ ಯಂತ್ರ, ಅಂದರೆ ಬಯೋಸ್ ಜಾಗಕ್ಕೆ ಬಂದ ಹೊಸ ವ್ಯವಸ್ಥೆಯದು. ಡಿಸ್ಕ್ ಜಿಪಿಟಿ, ಅಂದರೆ ಪಾರ್ಟಿಷನ್ ಪಟ್ಟಿಯ ಹೊಸ ರೀತಿ. 32 ಬಿಟ್ ವಿಂಡೋಸ್ 7ಕ್ಕೆ ಯುಇಎಫ್ಐ ಮೂಲಕ ಬೂಟ್ ಆಗಲು ಬರುವುದಿಲ್ಲ. ಅದಕ್ಕೆ ಹಳೇ ಬಯೋಸ್ ರೀತಿ ಬೇಕು, ಹಳೇ ರೀತಿಯ ಪಟ್ಟಿ ಇರುವ ಎಂಬಿಆರ್ ಡಿಸ್ಕ್ ಬೇಕು. ಆ ಫಾರ್ವರ್ಡ್ ಬರೆದ ಪುಣ್ಯಾತ್ಮ ‘ಕನ್ವರ್ಟ್ ಎಂಬಿಆರ್’ ಅಂದದ್ದು ಅದಕ್ಕೇ. ಅದರ ಬೆಲೆ ಏನು ಅಂತ ಮಾತ್ರ ಹೇಳಲಿಲ್ಲ.

ತಮ್ಮ: ಎರಡನೇ ಎಸ್ಎಸ್‌ಡಿ ಹಾಕಿ ಅದನ್ನು ಎಂಬಿಆರ್ ಮಾಡಿದರೆ? 11 ಇರುವ ಡಿಸ್ಕ್ ಮುಟ್ಟುವುದೇ ಬೇಡ.

ನಾನು: ಒಳ್ಳೇ ಪ್ರಶ್ನೆ. ಫರ್ಮ್‌ವೇರ್‌ನಲ್ಲಿ (ಆ ಯುಇಎಫ್ಐ ಸೆಟ್ಟಿಂಗ್‌ನಲ್ಲಿ) ಹಳೇ ಬಯೋಸ್ ಹಾಗೆ ನಡೆದುಕೊಳ್ಳುವ ‘ಲೆಗಸಿ’ ಅಥವಾ ‘ಸಿಎಸ್ಎಂ’ ಅನ್ನುವ ಆಯ್ಕೆ ಇದ್ದರೆ ಅದು ಸಾಧ್ಯ. ದೊಡ್ಡಪ್ಪ, ಲ್ಯಾಪ್‌ಟಾಪ್ ಆನ್ ಆಗುವಾಗ ಎಫ್2 ಒತ್ತಿ ಒಳಗೆ ಹೋಗಿ, ಬೂಟ್ ಅನ್ನುವ ಪುಟ ನೋಡುತ್ತೀರಾ? ಏನನ್ನೂ ಬದಲಾಯಿಸಬೇಡಿ. ಫೋಟೋ ತೆಗೆದು ಕಳಿಸಿ.

ದೊಡ್ಡಪ್ಪ: 📷

ನಾನು: ಸೆಕ್ಯೂರ್ ಬೂಟ್ (ನಂಬಿಕಸ್ಥ ಸಿಸ್ಟಮ್ ಮಾತ್ರ ಬೂಟ್ ಆಗಲು ಬಿಡುವ ಕಾವಲು) ಇದೆ. ಲೆಗಸಿ ಇಲ್ಲ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ತೆಗೆದೇ ಬಿಟ್ಟಿದ್ದಾರೆ. ಅಲ್ಲಿಗೆ ಎರಡನೇ ಡಿಸ್ಕ್‌ನ ಮಾತೂ ಮುಗಿಯಿತು. 64 ಬಿಟ್ 7 ಹಾಕುತ್ತೇನೆ ಅಂದರೂ ಇದೇ ಗೋಳು. ಅದಕ್ಕೂ ಪರದೆ ತೋರಿಸಲು ಹಳೇ ವಿಡಿಯೋ ಬಯೋಸ್ ಬೇಕು. ಸಿಎಸ್ಎಂ ಇಲ್ಲದಿದ್ದರೆ ‘ಸ್ಟಾರ್ಟಿಂಗ್ ವಿಂಡೋಸ್’ ಅನ್ನುವಲ್ಲೇ ನಿಂತುಬಿಡುತ್ತದೆ.

ಭಾವ: ಅದಕ್ಕೂ ಪ್ಯಾಚ್ (ತೊಂದರೆ ಸರಿಪಡಿಸುವ ತಿದ್ದುಪಡಿ) ಇದೆ. ಹುಡುಕಿದರೆ ಸಿಗುತ್ತದೆ.

ನಾನು: ಇದೆ, ಇಲ್ಲ ಅನ್ನುವುದಿಲ್ಲ. ಆಮೇಲೆ? 7 ಬಂದದ್ದು 2009ರಲ್ಲಿ. ಯುಎಸ್‌ಬಿ 3 ಡ್ರೈವರ್ ಅದರಲ್ಲಿ ಇಲ್ಲ. ಪೆನ್‌ಡ್ರೈವ್‌ನಿಂದಲೇ ಸೆಟಪ್ ಶುರುವಾಗುತ್ತದೆ, ಒಳಗೆ ಹೋದ ಮೇಲೆ ಅದೇ ಪೆನ್‌ಡ್ರೈವ್ ಅದಕ್ಕೆ ಕಾಣುವುದಿಲ್ಲ. ‘ಸಿಡಿ ಡಿವಿಡಿ ಡ್ರೈವರ್ ಕಾಣೆಯಾಗಿದೆ’ ಅನ್ನುತ್ತದೆ. ಸಿಡಿ ಡ್ರೈವೇ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ! ಎನ್‌ವಿಎಂಇ ಅನ್ನುವ ಹೊಸ ಬಗೆಯ ಡಿಸ್ಕೂ ಕಾಣುವುದಿಲ್ಲ, ಅದಕ್ಕೆ ಹಾಟ್‌ಫಿಕ್ಸ್ ಅನ್ನುವ ಇನ್ನೊಂದು ತಿದ್ದುಪಡಿ ಸೇರಿಸಬೇಕು. ಇಷ್ಟೆಲ್ಲ ಮಾಡಿ ಒಳಗೆ ಹೋದರೆ ಗ್ರಾಫಿಕ್ಸ್ ಡ್ರೈವರ್ ಇಲ್ಲ, ವೈಫೈ ಡ್ರೈವರ್ ಇಲ್ಲ. ಇಷ್ಟಾದರೂ ದೊಡ್ಡಪ್ಪನ ಪ್ರೋಗ್ರಾಂ ಓಡುವುದಿಲ್ಲ. ಯಾಕೆಂದರೆ ಆ ವಿಂಡೋಸ್ 64 ಬಿಟ್! ಬೆಟ್ಟ ಅಗೆದು ಇಲಿ ಹಿಡಿದ ಹಾಗೂ ಅಲ್ಲ ಇದು. ಇಲಿಯೂ ಸಿಗಲಿಲ್ಲ.

ಚಿಕ್ಕಮ್ಮ: ಇಷ್ಟೆಲ್ಲ ಯಾಕೆ? ಹಳೇ ಡೆಸ್ಕ್‌ಟಾಪ್ ಆನ್ ಮಾಡಿದರೆ ಆಗಲ್ವಾ?

ದೊಡ್ಡಪ್ಪ: ಅದರ ಮದರ್‌ಬೋರ್ಡ್ ಹೋಗಿದೆಯಮ್ಮ. ಹಾರ್ಡ್ ಡಿಸ್ಕ್ ಮಾತ್ರ ಚೆನ್ನಾಗಿದೆ.

ನಾನು: ಡಿಸ್ಕ್ ಇದೆಯಲ್ಲ, ಅಷ್ಟು ಸಾಕು. ಪ್ರೋಗ್ರಾಂ, ಲೆಕ್ಕ ಎರಡನ್ನೂ ಅದರಿಂದ ತೆಗೆದುಕೊಳ್ಳೋಣ. ನನ್ನ ಸಲಹೆ ವರ್ಚುವಲ್ ಮಷಿನ್, ಅಂದರೆ ಲ್ಯಾಪ್‌ಟಾಪ್ ಒಳಗೆ ಒಂದು ಪ್ರೋಗ್ರಾಂ ಆಗಿ ಓಡುವ ನಕಲಿ ಕಂಪ್ಯೂಟರ್. ವಿಂಡೋಸ್ 11 ಇದ್ದ ಹಾಗೇ ಇರಲಿ. ಅದರಲ್ಲಿ ವರ್ಚುವಲ್‌ಬಾಕ್ಸ್ ಹಾಕೋಣ, ಉಚಿತ. ಅದರೊಳಗೆ 32 ಬಿಟ್ ವಿಂಡೋಸ್ 7. ಅದಕ್ಕೆ ಬೇಕಾದ ಹಳೇ ಬಯೋಸ್, ಹಳೇ ಡಿಸ್ಕ್, ಹಳೇ ವಿಡಿಯೋ ಎಲ್ಲವನ್ನೂ ವರ್ಚುವಲ್‌ಬಾಕ್ಸೇ ನಟಿಸಿ ತೋರಿಸುತ್ತದೆ. 2 ಜಿಬಿ ರ‍್ಯಾಮ್, 30 ಜಿಬಿ ಜಾಗ ಕೊಟ್ಟರೆ ಧಾರಾಳ. ಲೆಕ್ಕದ ಪ್ರೋಗ್ರಾಂ ಒಂದು ಕಿಟಕಿಯಲ್ಲಿ, ನಿಮ್ಮ ಇಮೇಲ್ ಪಕ್ಕದ ಕಿಟಕಿಯಲ್ಲಿ. ಒಂದು ರಸೀದಿ ನೋಡಲು ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡುವ ಗೊಡವೆ ಇಲ್ಲ.

ದೊಡ್ಡಪ್ಪ: ಸ್ಕ್ಯಾನರ್?

ನಾನು: ಯುಎಸ್‌ಬಿ ಸ್ಕ್ಯಾನರ್ ತಾನೆ? ಅದನ್ನು ನೇರವಾಗಿ ಒಳಗಿನ ವಿಂಡೋಸ್‌ಗೆ ಕೊಡಬಹುದು. ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ 2.0 ಆರಿಸಬೇಕು. 3.0 ಆರಿಸಿದರೆ ಮತ್ತೆ ಅದೇ ಡ್ರೈವರ್ ಗೋಳು.

ಅಕ್ಕ: ಹಳೇ ಡೆಸ್ಕ್‌ಟಾಪ್‌ನ ಸ್ಟಿಕರ್ ಮೇಲಿನ ಕೀ ನಡೆಯುತ್ತಾ?

ನಾನು: ಯಂತ್ರದ ಜೊತೆ ಬಂದ ಕೀ ಆ ಯಂತ್ರಕ್ಕೆ ಮಾತ್ರ. ಬಿಡಿಯಾಗಿ ಡಬ್ಬದಲ್ಲಿ ಕೊಂಡಿದ್ದರೆ ಬೇರೆ ಕಡೆ ಹಾಕಬಹುದು. ದೊಡ್ಡಪ್ಪ ಡಬ್ಬ ಬಿಸಾಕುವವರಲ್ಲ, ಸಿಗುತ್ತದೆ.

ದೊಡ್ಡಪ್ಪ: ಇದೆ. ಬೀರುವಿನಲ್ಲಿದೆ.

ಭಾವ: ಆಯಿತು, ಎಲ್ಲರೂ ವರ್ಚುವಲ್ ವರ್ಚುವಲ್ ಅಂತೀರಿ. ನಾನು ಹಾಕಿ ನೋಡಿದ್ದೇನೆ. ಕೆಳಗಡೆ ಹಸಿರು ಆಮೆಯ ಚಿತ್ರ ಬರುತ್ತದೆ. ಅದರ ಹಾಗೇ ನಡೆಯುತ್ತದೆ ಕೂಡ 🐢

ನಾನು: ಅದು ನಿಜ. ವಿಂಡೋಸ್ 11ರ ‘ಮೆಮೊರಿ ಇಂಟೆಗ್ರಿಟಿ’ ಆನ್ ಇದ್ದರೆ ವರ್ಚುವಲ್‌ಬಾಕ್ಸ್‌ಗೆ ಪ್ರೊಸೆಸರ್ ನೇರವಾಗಿ ಸಿಗುವುದಿಲ್ಲ, ವಿಂಡೋಸ್‌ನದೇ ಆದ ಹೈಪರ್-ವಿ ಅನ್ನುವ ಪದರದ ಮೂಲಕ ಸುತ್ತಿ ಹೋಗಬೇಕು. ಆಮೆ ಬರುವುದು ಅದಕ್ಕೇ. ಅದು ಭದ್ರತೆಯ ವ್ಯವಸ್ಥೆ, ಆಫ್ ಮಾಡಿ ಅಂತ ನಾನು ದೊಡ್ಡಪ್ಪನಿಗೆ ಹೇಳುವುದಿಲ್ಲ. ಲೆಕ್ಕದ ಪ್ರೋಗ್ರಾಂಗೆ ಆಮೆಯ ನಡಿಗೆಯೇ ಜಾಸ್ತಿ.

ತಮ್ಮ: ಗೇಮ್ ಆಡುವವರಿಗೆ ಮಾತ್ರ ಕಷ್ಟ. ವರ್ಚುವಲ್‌ನಲ್ಲಿ 3ಡಿ ಗ್ರಾಫಿಕ್ಸ್ ಯಾವುದಕ್ಕೂ ಸಾಲದು.

ನಾನು: ಒಪ್ಪಿದೆ.

ಚಿಕ್ಕಮ್ಮ: ವೈರಸ್? 7 ಹಾಕಬಾರದು ಅಂತ ಎಲ್ಲ ಕಡೆ ಹೇಳುತ್ತಾರಲ್ಲ.

ನಾನು: ಸರಿಯಾಗಿಯೇ ಹೇಳುತ್ತಾರೆ ಚಿಕ್ಕಮ್ಮ. 2020ರ ಜನವರಿ 14ಕ್ಕೆ ಅದರ ಬೆಂಬಲ ನಿಂತಿತು. ಕ್ರೋಮ್ ಕೂಡ 109ನೇ ಆವೃತ್ತಿಗೆ ಕೈಬಿಟ್ಟಿತು. 2017ರ ಮೇ ತಿಂಗಳಲ್ಲಿ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿದ ವಾನಾಕ್ರೈ ದಾಳಿ ನೆನಪಿದೆಯಾ? ಅದಕ್ಕೆ ಪ್ಯಾಚ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದ ವಿಂಡೋಸ್ 7 ಯಂತ್ರಗಳೇ ಜಾಸ್ತಿ ಸಿಕ್ಕಿಹಾಕಿಕೊಂಡವು. ಈಗ ಪ್ಯಾಚ್ ಬರುವುದೇ ಇಲ್ಲ. ಅದಕ್ಕೇ ವರ್ಚುವಲ್ ಮಷಿನ್‌ನ ನೆಟ್‌ವರ್ಕ್ ಕಾರ್ಡನ್ನೇ ತೆಗೆದುಹಾಕೋಣ. ಲೆಕ್ಕ ಬರೆಯಲು ಇಂಟರ್ನೆಟ್ ಯಾಕೆ? ಡ್ಯುಯಲ್ ಬೂಟ್‌ನಲ್ಲಿ ಹಳೇ ವಿಂಡೋಸ್‌ಗೆ ಇಡೀ ಲ್ಯಾಪ್‌ಟಾಪ್ ನಿಮ್ಮ ಕೈಯಾರೆ ಬಿಟ್ಟುಕೊಟ್ಟ ಹಾಗೆ. ಹೊಸ ವಿಂಡೋಸ್ ಇರುವ ಡಿಸ್ಕೂ ಅದರ ಕೈಯಲ್ಲೇ.

ಭಾವ: ಸರಿ, ದೊಡ್ಡ ಮಾವನ ಕೇಸ್ ನೀನೇ ಗೆದ್ದೆ. ನನ್ನದು ಹೇಳು. ನನ್ನ ರೆಕಾರ್ಡಿಂಗ್ ಬಾಕ್ಸ್ 11ರಲ್ಲಿ ಕರಕರ ಅನ್ನುತ್ತದೆ. 10ರಲ್ಲಿ ಸರಿಯಾಗಿತ್ತು. ವರ್ಚುವಲ್‌ನಲ್ಲಿ ಹಾಡು ರೆಕಾರ್ಡ್ ಮಾಡಲಾ?

ನಾನು: ಬೇಡ. ಧ್ವನಿ ತಡವಾಗಿ ಬರುತ್ತದೆ. ನಿಮಗೆ ಡ್ಯುಯಲ್ ಬೂಟೇ ಸರಿ.

ಭಾವ: ಎಲ್ಲರೂ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ!! ‘ಡ್ಯುಯಲ್ ಬೂಟೇ ಸರಿ’ ಅಂದ!

ನಾನು: 10 ಮತ್ತು 11ಕ್ಕೆ ಅಂದೆ. ಎರಡೂ 64 ಬಿಟ್, ಎರಡಕ್ಕೂ ಯುಇಎಫ್ಐ, ಜಿಪಿಟಿ, ಸೆಕ್ಯೂರ್ ಬೂಟ್ ಎಲ್ಲ ಒಗ್ಗುತ್ತದೆ. ಫರ್ಮ್‌ವೇರ್‌ನಲ್ಲಿ ಏನನ್ನೂ ಆಫ್ ಮಾಡಬೇಕಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಕುಗ್ಗಿಸಿ ಖಾಲಿ ಜಾಗ ಮಾಡಿ. ಸೆಟಪ್‌ನಲ್ಲಿ ‘ಕಸ್ಟಮ್’ ಆರಿಸಿ ಆ ಖಾಲಿ ಜಾಗವನ್ನೇ ತೋರಿಸಿ. ಪಟ್ಟಿಯಲ್ಲಿ 100 ಎಂಬಿಯ ಅಥವಾ ಅದಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಪುಟ್ಟ ಪಾರ್ಟಿಷನ್ ಕಾಣುತ್ತದೆ. ಕಸ ಅಂತ ಅಳಿಸಬೇಡಿ! ಲ್ಯಾಪ್‌ಟಾಪ್ ಬೂಟ್ ಆಗುವುದೇ ಅದರಿಂದ, ಎರಡು ವಿಂಡೋಸ್‌ಗೂ ಅದೊಂದೇ. ಮತ್ತೆ ಎರಡರಲ್ಲೂ ‘ಫಾಸ್ಟ್ ಸ್ಟಾರ್ಟಪ್’ ಆಫ್ ಇರಲಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರ್ಧ ನಿದ್ದೆಯಲ್ಲಿರುತ್ತದೆ. ಆಗ ಇನ್ನೊಂದು ವಿಂಡೋಸ್ ಆ ಡ್ರೈವ್‌ನಲ್ಲಿ ಬರೆದರೆ ಫೈಲ್‌ಗಳು ಹಾಳಾಗಬಹುದು.

ಭಾವ: ಹಳೆಯದನ್ನು ಆಮೇಲೆ ಹಾಕಿದರೆ ಹೊಸದು ಕಾಣಲ್ಲ ಅಂದೆಯಲ್ಲ?

ನಾನು: ಇಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಕಾಣದಿದ್ದರೆ ಫರ್ಮ್‌ವೇರ್ ಸೆಟ್ಟಿಂಗ್ ಹುಡುಕಬೇಡಿ. 11ರ ಪೆನ್‌ಡ್ರೈವ್‌ನ ರಿಪೇರ್‌ಗೆ ಹೋಗಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಬಿಸಿಡಿಬೂಟ್’ ಆಜ್ಞೆ ಕೊಟ್ಟು 11ರ ವಿಂಡೋಸ್ ಫೋಲ್ಡರ್ ತೋರಿಸಿ. ಅಲ್ಲಿ ಅದರ ಡ್ರೈವ್ ಅಕ್ಷರ ಸಿ ಆಗಿರದೆಯೂ ಇರಬಹುದು, ನೋಡಿಕೊಳ್ಳಿ. ಇನ್ನೊಂದು ವಿಷಯ, 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಬೆಂಬಲ ಮುಗಿದಿದೆ. ಹೆಚ್ಚುವರಿ ಅಪ್‌ಡೇಟ್‌ಗೆ ಬೇರೆಯಾಗಿ ಹೆಸರು ನೋಂದಾಯಿಸಬೇಕು. ಹಾಡಿಗೆ ಮಾತ್ರ ಬಳಸಿ, ಬ್ಯಾಂಕಿಗೆ ಬೇಡ.

ಅಕ್ಕ: ಬ್ಯಾಂಕಿಗೆ ನನ್ನ ಫೋನ್ ಇದೆ. ಇವರ ಕೈಗೆ ಅದನ್ನು ಕೊಡುವುದೇ ಇಲ್ಲ.

ನಾನು: ಮುಖ್ಯವಾದದ್ದು ಇನ್ನೊಂದಿದೆ. ಪಾರ್ಟಿಷನ್ ಮುಟ್ಟುವ ಮುಂಚೆ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ರಿಕವರಿ ಕೀ ಬರೆದಿಟ್ಟುಕೊಳ್ಳಿ. 48 ಅಂಕಿ. ದೊಡ್ಡಪ್ಪ, ನೀವೂ ಅಷ್ಟೇ.

ದೊಡ್ಡಪ್ಪ: ನಾನು ಯಾವ ಲಾಕರನ್ನೂ ಹಾಕಿಲ್ಲ.

ನಾನು: ನೀವು ಹಾಕಬೇಕಿಲ್ಲ, ತಾನೇ ಬೀಳುತ್ತದೆ. ಈಚಿನ ವಿಂಡೋಸ್ 11ರಲ್ಲಿ ಮೊದಲ ಸೆಟಪ್‌ಗೆ ಮೈಕ್ರೋಸಾಫ್ಟ್ ಅಕೌಂಟ್ ಕೊಟ್ಟರೆ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ, ಕೀ ಆ ಅಕೌಂಟಿಗೆ ಹೋಗುತ್ತದೆ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಸೆಕ್ಯೂರ್ ಬೂಟ್ ಆಫ್ ಮಾಡಿದ ಕೂಡಲೇ ನೀಲಿ ಪರದೆಯಲ್ಲಿ ಕೀ ಕೇಳುತ್ತದೆ. ಕೀ ಇಲ್ಲ ಅಂದರೆ ಒಳಗಿರುವ ಫೈಲ್‌ಗಳನ್ನು ಯಾವ ರಿಪೇರಿಯವನೂ ತೆಗೆದುಕೊಡಲಾರ. ಈ ಫಾರ್ವರ್ಡ್‌ನ ಮೊದಲ ಹೆಜ್ಜೆಯೇ ‘ಸೆಕ್ಯೂರ್ ಬೂಟ್ ಆಫ್ ಮಾಡಿ’! ನಿಮ್ಮ ಲ್ಯಾಪ್‌ಟಾಪ್ ಯಾರ ಅಕೌಂಟ್‌ನಲ್ಲಿ ಸೆಟಪ್ ಆಯಿತು?

ದೊಡ್ಡಪ್ಪ: ನನಗೇನು ಗೊತ್ತು. ಅಳಿಯಂದಿರೇ ಮಾಡಿಕೊಟ್ಟದ್ದು.

ಅಕ್ಕ: ಇವರ ಅಕೌಂಟ್‌ನಲ್ಲೇ. ನಾನು ಪಕ್ಕದಲ್ಲೇ ಇದ್ದೆ. ‘ಆಮೇಲೆ ಬದಲಾಯಿಸೋಣ’ ಅಂದಿದ್ದರು.

ತಮ್ಮ: 🍿

ಭಾವ: ಬದಲಾಯಿಸುವವನಿದ್ದೆ.

ಭಾವ: ಲಾಗಿನ್ ಆದೆ. ಮೂರು ಕೀ ತೋರಿಸುತ್ತಿದೆ. ದೊಡ್ಡ ಮಾವನದು ಯಾವುದು?

ನಾನು: ಪಕ್ಕದಲ್ಲಿ ಡಿವೈಸ್ ಹೆಸರು, ಕೀ ಐಡಿ ಎರಡೂ ಇರುತ್ತದೆ. ದೊಡ್ಡಪ್ಪ, ನಿಮ್ಮ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅಬೌಟ್ ಅಂತ ಹೋಗಿ, ಮೇಲಿರುವ ಹೆಸರು ಇಲ್ಲಿ ಹಾಕಿ. ಭಾವ, ಕೀ ಮಾತ್ರ ಗುಂಪಿನಲ್ಲಿ ಹಾಕಬೇಡಿ. ಅವರಿಗೆ ಫೋನ್ ಮಾಡಿ ಓದಿ ಹೇಳಿ, ಕಾಗದದ ಮೇಲೆ ಬರೆದುಕೊಳ್ಳಲಿ.

ಭಾವ: ಈ ಸಂದೇಶವನ್ನು ಅಳಿಸಲಾಗಿದೆ

ನಾನು: ಭಾವಾ!!