ಡಿಸೆಂಬರ್ ಮೊದಲ ವಾರ ಮಿಲಾನಿಗೆ ಮಕ್ಕಳ ಜೊತೆ ಬರುವವರಿಗೆ

ಟಿಕೆಟ್ ಇನ್ನೂ ತೆಗೆಸಿಲ್ಲವಾದರೆ ಮೊದಲು ಕ್ಯಾಲೆಂಡರ್ ನೋಡಿ. ಡಿಸೆಂಬರ್ 7 ಸಂತ್ ಅಂಬ್ರೋಜೊ, ಅಂದರೆ ಊರು ಕಾಯುವ ಸಂತನ ದಿನ, ಒಂಥರಾ ಮಿಲಾನಿನ ಊರಹಬ್ಬ. 8 ಇಡೀ ದೇಶಕ್ಕೆ ರಜೆ. 2026ರಲ್ಲಿ ಇವು ಸೋಮವಾರ, ಮಂಗಳವಾರ ಬರುತ್ತವೆ. ಶನಿವಾರ ಬೆಳಗಿನ ಅಂಚೆ ಕಚೇರಿ ಬಿಟ್ಟರೆ ನಾಲ್ಕು ದಿನ ಯಾವ ಕಾಗದದ ಕೆಲಸವೂ ಆಗುವುದಿಲ್ಲ. ಇಂಥ ಸಾಲು ರಜೆಗೆ ಇಲ್ಲಿಯವರು 'ಪೊಂತೆ', ಅಂದರೆ ಸೇತುವೆ ಅನ್ನುತ್ತಾರೆ. 7ರ ರಜೆ ಮಿಲಾನಿಗಷ್ಟೇ. ಪಕ್ಕದ ಮೊನ್ಜಾದ ಸಂತ ಬೇರೆ, ಅವರ ರಜೆ ಜೂನ್ 24ಕ್ಕೆ.

ಅವಸರ ಯಾಕೆಂದರೆ, ಪೆರ್ಮೆಸ್ಸೊ ದಿ ಸೊಜೋರ್ನೊ (ಇಲ್ಲಿ ನೆಲೆಸುವ ಪರವಾನಗಿ) ಅರ್ಜಿಗೆ ಸಿಗುವುದು ದೇಶಕ್ಕೆ ಕಾಲಿಟ್ಟ ಮೇಲೆ 8 ಕೆಲಸದ ದಿನ ಮಾತ್ರ. 7ನೇ ತಾರೀಖನ್ನು ಲೆಕ್ಕದಿಂದ ಬಿಡುತ್ತಾರೆ ಎಂದು ನಂಬಿ ಕೂರಬೇಡಿ. ಓದಲು ಬರುವವರು 'ಸ್ಪೊರ್ತೆಲ್ಲೊ ಅಮಿಕೊ' ಕೌಂಟರ್ ಇರುವ ಅಂಚೆ ಕಚೇರಿಯಲ್ಲಿ ಅರ್ಜಿಯ ಕಿಟ್ ಕೇಳಿ ಪಡೆಯಿರಿ, ಅದು ಉಚಿತ. 16 ಯೂರೋ ಸ್ಟಾಂಪ್ (ಮಾರ್ಕಾ ದಾ ಬೊಲ್ಲೊ) ಮಾತ್ರ ತಬಾಕ್ಕಿ (ತಂಬಾಕು) ಅಂಗಡಿಯಲ್ಲಿ ಸಿಗುತ್ತದೆ. ಹಬ್ಬಕ್ಕೆ ಅವೂ ಬಾಗಿಲು ಹಾಕುವುದುಂಟು, ಮುಂಚೆಯೇ ಕೊಂಡಿಟ್ಟುಕೊಳ್ಳಿ. ಒಂದು ವರ್ಷದ ಪರವಾನಗಿಗೆ 70.46 ಯೂರೋ, ಅಂಚೆ ಸೇವೆಗೆ 30. ಲಕೋಟೆ ಅಂಟಿಸಬೇಡಿ, ಕೌಂಟರಿನಲ್ಲಿ ತೆರೆದೇ ಕೊಡಬೇಕು. ಕೊಟ್ಟ ರಸೀದಿ ಜೋಪಾನ. ವೀಸಾ ಮುಗಿದು ಕೈಯಲ್ಲಿ ರಸೀದಿ ಮಾತ್ರ ಇದ್ದಾಗ ಫ್ರಾಂಕ್‌ಫರ್ಟ್ ಮೂಲಕ ಬೆಂಗಳೂರಿಗೆ ಟಿಕೆಟ್ ಮಾಡಿಸಿದರೆ ತೊಂದರೆ. ಬೇರೆ ಷೆಂಗೆನ್ ದೇಶ (ಒಂದೇ ವೀಸಾದ ಯುರೋಪ್ ದೇಶಗಳ ಗುಂಪು) ಮುಟ್ಟದ ದಾರಿ ಹುಡುಕಿ. ಕುಟುಂಬ ವೀಸಾದವರ ದಾರಿ ಬೇರೆ, ಅದು ಪ್ರೆಫೆತ್ತೂರಾ (ಜಿಲ್ಲೆಯ ಸರ್ಕಾರಿ ಆಡಳಿತ) ಕಚೇರಿಯಿಂದ ಶುರುವಾಗುತ್ತದೆ.

ನಮ್ಮವರು ನಿಜವಾಗಿ ಎಡವುವುದು ಹೆಸರಿನಲ್ಲಿ. ಕೋದಿಚೆ ಫಿಸ್ಕಾಲೆ (ತೆರಿಗೆ ಸಂಕೇತ) 16 ಅಕ್ಷರ-ಅಂಕಿಗಳ ಗುರುತು: ಮೊದಲ ಮೂರು ಅಕ್ಷರ ಸರ್‌ನೇಮಿನಿಂದ, ಮುಂದಿನ ಮೂರು ಹೆಸರಿನಿಂದ, ಆಮೇಲೆ ಹುಟ್ಟಿದ ವರ್ಷ, ತಿಂಗಳು, ದಿನ (ಹೆಣ್ಣುಮಕ್ಕಳಿಗೆ ದಿನಕ್ಕೆ 40 ಕೂಡಿಸುತ್ತಾರೆ), ಹುಟ್ಟಿದ ದೇಶದ ಸಂಕೇತ, ಭಾರತಕ್ಕೆ ಝಡ್222. ನಮ್ಮಲ್ಲಿ ಇನಿಷಿಯಲ್ ಅಪ್ಪನ ಹೆಸರೋ ಊರ ಹೆಸರೋ ಆಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಜನನ ಪತ್ರದಲ್ಲಿ ಇನಿಷಿಯಲ್ ಕೊನೆಗೆ, ಶಾಲೆಯ ದಾಖಲೆಯಲ್ಲಿ ಮೊದಲಿಗೆ. ಗುಮಾಸ್ತರು ಹೆಸರು, ಸರ್‌ನೇಮ್ ಎರಡನ್ನು ಅದಲುಬದಲು ಮಾಡಿ ಟೈಪಿಸಿದರೆ ಕೋಡೇ ಬೇರೆಯಾಗುತ್ತದೆ. ಮಕ್ಕಳ ಡಾಕ್ಟರ್, ಶಾಲೆ, ಬ್ಯಾಂಕು ಎಲ್ಲೂ ತಾಳೆಯಾಗುವುದಿಲ್ಲ. ಊರಿನಲ್ಲೇ ಪಾಸ್‌ಪೋರ್ಟ್ ಸರಿಮಾಡಿಸಿ, ಜನನ ಪತ್ರವನ್ನು ಅದಕ್ಕೆ ಹೊಂದಿಸಿ, ಆಮೇಲೆ ಅಪೊಸ್ಟೀಲ್ (ವಿದೇಶದಲ್ಲಿ ಒಪ್ಪುವ ಸರ್ಕಾರಿ ದೃಢೀಕರಣ) ಮತ್ತು ಇಟಾಲಿಯನ್ ಅನುವಾದ ಮಾಡಿಸಿ. ಕೋಡ್ ಕಾಗದ ಕೈಗೆ ಬಂದ ತಕ್ಷಣ ಕೌಂಟರ್ ಬಿಡುವ ಮೊದಲೇ ಓದಿಕೊಳ್ಳಿ.

ವರ್ಷದ ನಡುವೆ ಬಂದರೂ ಮಗುವಿಗೆ ಶಾಲೆ ಸಿಗುತ್ತದೆ, ಪೆರ್ಮೆಸ್ಸೊ ಬರುವವರೆಗೆ ಕಾಯಬೇಕಿಲ್ಲ. ಸಾಮಾನ್ಯವಾಗಿ ವಯಸ್ಸಿಗೆ ತಕ್ಕ ತರಗತಿಗೇ ಹಾಕುತ್ತಾರೆ. ಆರು ತುಂಬದ ಮಕ್ಕಳಿಗೆ ಮಾತ್ರ ಲಸಿಕೆ ದಾಖಲೆ ಇಲ್ಲದೆ ಮಾತೆರ್ನಾಕ್ಕೆ (ಶಿಶುವಿಹಾರ) ಪ್ರವೇಶವಿಲ್ಲ. ಊಟದ ಅರ್ಜಿಯಲ್ಲಿ 'ಮಾಂಸ ಬೇಡ' ಎಂದಷ್ಟೇ ಬರೆದರೆ ತಟ್ಟೆಗೆ ಮೀನು ಬಂದೀತು, ಇಲ್ಲಿ ಹಲವರ ಪ್ರಕಾರ ಮೀನು ಮಾಂಸವೇ ಅಲ್ಲ. 'ನೆ ಕಾರ್ನೆ ನೆ ಪೆಶೆ' (ಮಾಂಸವೂ ಬೇಡ, ಮೀನೂ ಬೇಡ) ಎಂದು ಬರೆದು, ಸೂಪಿನ 'ಬ್ರೋದೊ' (ಬೇಯಿಸಿದ ಸಾರು) ಯಾವುದರದ್ದೆಂದೂ ಕೇಳಿ.

ಇಷ್ಟು ಮುಗಿದಿದ್ದರೆ ಆ ನಾಲ್ಕು ದಿನ ಆರಾಮ. ಕಾಸ್ತೆಲ್ಲೊ ಸ್ಫೊರ್ಜೆಸ್ಕೊ ಸುತ್ತ 'ಓ ಬೇಯ್ ಓ ಬೇಯ್' ಜಾತ್ರೆ ಕೂಡುತ್ತದೆ. ಮಿಲಾನೀಸ್ ಮಾತಿನಲ್ಲಿ 'ಆಹಾ ಎಷ್ಟು ಚೆಂದ' ಎಂದರ್ಥ. ಕೋಟೆಗೆ ಹತ್ತಿರದ ಮೆಟ್ರೋ ಕೈರೋಲಿ, ಆದರೆ ತಳ್ಳುಗಾಡಿಯಲ್ಲಿ ಕೂಸಿದ್ದರೆ ಕದೋರ್ನಾ ಅಥವಾ ಲಾಂತ್ಸಾದಲ್ಲಿ ಇಳಿದು ನಡೆಯಿರಿ. ಐದು ಗಂಟೆಗೆ ಮುಂಚೆಯೇ ಕತ್ತಲಾಗುವುದರಿಂದ ಬೆಳಿಗ್ಗೆಯೇ ಹೊರಡುವುದು ಒಳ್ಳೆಯದು. ಸುಟ್ಟ ಚೆಸ್ಟ್‌ನಟ್ ಯಾರಾದರೂ ತಿನ್ನಬಹುದು. ಕರಿದ ತಿಂಡಿ, ಫೊಕಾಚ್ಚಾ (ಚಪ್ಪಟೆ ಬ್ರೆಡ್) ಕೊಳ್ಳುವಾಗ 'ಸ್ತ್ರುತ್ತೊ' ಇದೆಯೇ ಕೇಳಿ, ಅದು ಹಂದಿಕೊಬ್ಬು. ಮೊಟ್ಟೆ ಮುಟ್ಟದವರು ಪನೆತ್ತೋನೆಯ (ಕ್ರಿಸ್‌ಮಸ್ಸಿನ ಸಿಹಿ ಬ್ರೆಡ್) ಆಸೆ ಬಿಡಿ: 2005ರ ನಿಯಮದ ಪ್ರಕಾರ ಮೊಟ್ಟೆ ಇಲ್ಲದ್ದನ್ನು ಆ ಹೆಸರಿನಲ್ಲಿ ಮಾರುವ ಹಾಗೇ ಇಲ್ಲ.

ಕಾರ್ನೆವಾಲೆಗೆ (ಈಸ್ಟರ್ ಉಪವಾಸಕ್ಕೆ ಮುಂಚಿನ ಮೋಜಿನ ಹಬ್ಬ) ಬೇರೆ ಊರಿಗೆ ಹೋಗುವ ಯೋಚನೆಯಿದ್ದರೆ ಈಗಲೇ ಗುರುತು ಹಾಕಿಕೊಳ್ಳಿ: ಉಳಿದೆಡೆ ಮಂಗಳವಾರಕ್ಕೆ ಮುಗಿಯುವ ಆ ಹಬ್ಬ ಮಿಲಾನಿನಲ್ಲಿ ಶನಿವಾರದವರೆಗೆ ನಡೆಯುತ್ತದೆ.